ಕಡಲಿಲ್ಲದ ಕಡಲೂರುಗಳು

ದಕ್ಷಿಣ ಕನ್ನಡವನ್ನು ಕುರಿತು ಬರೆಯುವವರಲ್ಲಿ ಒಂದು ರೂಢಿ ಬೆಳೆದುಬಂದಿದೆ. ಮಂಗಳೂರು, ಉಳ್ಳಾಲ, ಮೂಲ್ಕಿಗಳು ಕಡಲಿನ ಊರುಗಳು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳು ಒಳನಾಡು. ಮೊದಲಿನವುಗಳ ಪಾಲಿಗೆ ಬಂದರು, ಹಡಗು, ಮೀನು, ವ್ಯಾಪಾರ. ಎರಡನೆಯವುಗಳ ಪಾಲಿಗೆ ದೇವಸ್ಥಾನ, ಬಸದಿ, ಅಡಕೆಯ ತೋಟ. ಭೂಪಟ ಬರೆಯುವವನಿಗೆ ಈ ವಿಂಗಡಣೆ ಅನುಕೂಲವಾಗಿರಬಹುದು. ಇತಿಹಾಸ ಓದುವವನನ್ನು ಅದು ದಾರಿ ತಪ್ಪಿಸುತ್ತದೆ. ಕಡಲು ಕಣ್ಣಿಗೆ ಕಾಣುವ ಊರಿಗೆ ಕಡಲೂರೆಂಬ ಹೆಸರು ಸಲ್ಲುವುದಾದರೆ, ಕಡಲಿನ ದೆಸೆಯಿಂದ ಅನ್ನ ಉಂಡ ಊರಿಗೂ ಆ ಹೆಸರು ಸಲ್ಲಬೇಕು. ಮೇಲೆ ಹೇಳಿದ ಮೂರೂ ಊರುಗಳು ಈ ಎರಡನೆಯ ಜಾತಿಯವು ಎಂಬುದು ನನ್ನ ಅಭಿಪ್ರಾಯ. ಅದನ್ನು ನಾವು ಮರೆತದ್ದರಿಂದ ಏನೇನನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬುದನ್ನು ವಾಚಕರ ಮುಂದಿಡುವುದಕ್ಕಾಗಿ ಈ ಲೇಖನ.

ನನ್ನ ಕಸುಬು ಶಬ್ದಗಳೊಡನೆ. ಆದುದರಿಂದ ಹೆಸರುಗಳಿಂದಲೇ ತೊಡಗುತ್ತೇನೆ. ಮೂಡಬಿದಿರೆ ಎಂದರೆ ಮೂಡಣ ಬಿದಿರೆ. ಪಡುವಣ ಬಿದಿರೆಯೂ ಉಂಟು. ಅದೇ ಪಡುಬಿದ್ರಿ, ಅಲೆಗಳ ಸದ್ದು ಮನೆಯೊಳಗೆ ಕೇಳಿಸುವಷ್ಟು ಕಡಲಿಗೆ ಹತ್ತಿರದ ಊರು. ಒಂದೇ ಹೆಸರಿನ ಎರಡು ಊರುಗಳನ್ನು ಸೂರ್ಯ ಮೂಡುವ ದಿಕ್ಕಿನದು, ಕಡಲಲ್ಲಿ ಮುಳುಗುವ ದಿಕ್ಕಿನದು ಎಂದು ಜನ ಬೇರೆ ಮಾಡಿ ಕರೆದರು. ಒಂದನ್ನು ಹೇಳುವಾಗ ಇನ್ನೊಂದು ನೆನಪಿನಲ್ಲಿದ್ದರಲ್ಲದೆ ಇಂಥ ಹೆಸರು ಹುಟ್ಟುವುದಿಲ್ಲ. ನೇತ್ರಾವತಿ, ಕುಮಾರಧಾರೆಗಳು ಕೂಡುವ ಊರನ್ನು ತುಳುವರು ಉಬಾರ್ ಎನ್ನುತ್ತಾರೆ. ಕನ್ನಡದಲ್ಲಿ ಅದು ಉಪ್ಪಿನಂಗಡಿ. ಹೆಸರಿನ ಮೂಲ ಏನೇ ಇರಲಿ, ಕಡಲಿನಿಂದ ಅಷ್ಟು ದೂರದ ಊರಿನ ಹೆಸರಿನಲ್ಲಿ ಕನ್ನಡಿಗರ ಕಿವಿಗೆ ಉಪ್ಪು ಕೇಳಿಸಿತು, ಅಂಗಡಿಯೂ ಕೇಳಿಸಿತು ಎಂಬುದು ಸಣ್ಣ ಸಂಗತಿಯಲ್ಲ. ಬೆಳ್ತಂಗಡಿಯಲ್ಲಿಯೂ ಅಂಗಡಿ, ವೇಣೂರಿನ ಬಳಿಯ ಹೊಸಂಗಡಿಯಲ್ಲಿಯೂ ಅಂಗಡಿ. ಮಂಗಳೂರಿನಿಂದ ಬಂಟ್ವಾಳಕ್ಕೆ ಬರುವ ದಾರಿಯಲ್ಲಿ, ಹೊಳೆಯ ದಂಡೆಯ ಮೇಲೆ, ಫರಂಗಿಪೇಟೆ. ಹಡಗಿನಲ್ಲಿ ಬಂದ ಪರದೇಶಿಯ ಹೆಸರು ಹೊಳೆಯ ಊರಿಗೆ ಅಂಟಿ ನಿಂತಿದೆ.

ಹೆಸರುಗಳನ್ನು ನಂಬದವರು ಕಲ್ಲನ್ನು ನೋಡಬಹುದು. ಮೂಡಬಿದಿರೆಯ ಸಾವಿರ ಕಂಬದ ಬಸದಿ 1430ರ ಸುಮಾರಿಗೆ ಎದ್ದದ್ದು; ರಾಜಾಶ್ರಯದೊಡನೆ ವರ್ತಕ ಶ್ರೇಷ್ಠಿಗಳ ಧನವೂ ಅದರಲ್ಲಿ ಸೇರಿತ್ತು. ಅದರ ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ, ಆನೆ ಕುದುರೆಗಳ ಸಾಲಿನ ನಡುವೆ, ಜಿರಾಫೆಯೊಂದನ್ನು ಕೊರೆದಿದ್ದಾರೆ. ಚೀನದ ಮಾದರಿಯ ಘಟಸರ್ಪವೂ ಅಲ್ಲಿದೆ. ಪ್ರವಾಸಿಗರಿಗೆ ಮಾರ್ಗದರ್ಶಕರು ಇದನ್ನು ಕೌತುಕವೆಂಬಂತೆ ಬೆರಳಿಟ್ಟು ತೋರಿಸುತ್ತಾರೆ. ಪ್ರವಾಸಿಗರು ನಕ್ಕು, ಚಿತ್ರ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಆಫ್ರಿಕದ ಪ್ರಾಣಿಯೂ ಚೀನದ ಸರ್ಪವೂ ಭತ್ತದ ಗದ್ದೆಗಳ ನಡುವಿನ ಈ ಊರಿಗೆ ಹೇಗೆ ಬಂದವು ಎಂಬ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. ಶಿಲ್ಪಿ ಅವನ್ನು ಕಣ್ಣಾರೆ ಕಂಡಿದ್ದನೋ, ಕಂಡವರ ಬಾಯಿಂದ ಕೇಳಿದ್ದನೋ, ಯಾವುದೋ ಪರದೇಶದ ಬಟ್ಟೆಯ ಮೇಲೆ, ಪಾತ್ರೆಯ ಮೇಲೆ ನೋಡಿದ್ದನೋ, ಹೇಗಾದರೂ ಸರಿ, ಅವು ಬಂದದ್ದು ಕಡಲಿನ ದಾರಿಯಾಗಿ. ಘಟ್ಟದ ತಪ್ಪಲಿನ ಮೆಣಸು ಯಾವ ದಾರಿಯಲ್ಲಿ ಇಳಿದುಹೋಯಿತೋ ಅದೇ ದಾರಿಯಲ್ಲಿ ಈ ವಿಚಿತ್ರ ಮೃಗಗಳ ವಾರ್ತೆ ಏರಿ ಬಂದಿತು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಚೌಟರ ಮನೆತನದವಳು. ಅದೇ ಚೌಟರು ಉಳ್ಳಾಲದಲ್ಲಿ ಕಡಲ ಬಾಗಿಲನ್ನು, ಪುತ್ತಿಗೆ ಮೂಡಬಿದಿರೆಗಳಲ್ಲಿ ಒಳನಾಡಿನ ಕಣಜವನ್ನು ಒಟ್ಟಿಗೆ ಹಿಡಿದಿದ್ದರು. ಗೋವೆಯ ಪೋರ್ಚುಗೀಸರಿಗೆ ಈ ಕರಾವಳಿಯ ಅಕ್ಕಿಯಿಲ್ಲದೆ ಊಟ ನಡೆಯುತ್ತಿರಲಿಲ್ಲವಾದ್ದರಿಂದ ಕಣಜದ ಬೀಗದ ಕೈಗೂ ಕೋಟೆಯ ಬೀಗದ ಕೈಯಷ್ಟೇ ಬೆಲೆ ಇತ್ತು.

ಬೆಳ್ತಂಗಡಿಯ ಪಾತ್ರ ಬೇರೆ ಬಗೆಯದು. ಅದು ಘಟ್ಟದ ಬಾಗಿಲು. ಚಾರ್ಮಾಡಿಯಿಂದ ಇಳಿದ ಹೇರೆತ್ತುಗಳಿಗೆ ಮೊದಲು ಸಿಗುವ ಸಮತಟ್ಟು ಅದು. 1794ರಲ್ಲಿ ಟಿಪ್ಪು ಸುಲ್ತಾನ ಗಡಾಯಿಕಲ್ಲಿನ ಬೋಳು ಬಂಡೆಯ ನೆತ್ತಿಯ ಮೇಲೆ ಜಮಲಾಬಾದ್ ಕೋಟೆಯನ್ನು ಕಟ್ಟಿಸಿದ್ದು ಪ್ರಕೃತಿ ಸೌಂದರ್ಯವನ್ನು ಸವಿಯುವುದಕ್ಕಲ್ಲವಷ್ಟೆ.

ಈಗ ಬಂಟ್ವಾಳಕ್ಕೆ ಬರುತ್ತೇನೆ. ನಾನು ಹೇಳಬೇಕೆಂದಿರುವುದರ ತಿರುಳು ಇಲ್ಲಿದೆ.

ಎತ್ತಿನ ಬೆನ್ನಿನಿಂದ ದೋಣಿಗೆ ಸರಕು ಬದಲಾಗುತ್ತಿದ್ದ ಸ್ಥಳ ಬಂಟ್ವಾಳ. ಘಟ್ಟದ ಮೇಲಿನ ಕಾಫಿ, ಏಲಕ್ಕಿ, ಮೆಣಸು, ಧಾನ್ಯಗಳು ಇಲ್ಲಿ ನೆಲಕ್ಕಿಳಿಯುತ್ತಿದ್ದವು; ಮಂಗಳೂರಿನಿಂದ ಉಪ್ಪು, ಒಣಮೀನು, ಬಟ್ಟೆ, ಲೋಹದ ಸಾಮಾನುಗಳು ಇಲ್ಲಿಯವರೆಗೆ ನೀರಿನ ಮೇಲೆ ಬರುತ್ತಿದ್ದವು. ಕಡಲಿನ ಉಬ್ಬರ ಅಳಿವೆಯೊಳಗೆ ನುಗ್ಗಿದಾಗ ಅದರ ಬೆನ್ನೇರಿ ಬಿದಿರ ಗಳ ಊರುತ್ತ ಮೇಲಕ್ಕೆ. ಇಳಿತದಲ್ಲಿ ಹೊಳೆಯ ಸೆಳವಿನೊಡನೆ ಕೆಳಕ್ಕೆ. ಇಷ್ಟು ದೂರದ ಊರಿನ ವ್ಯಾಪಾರಿಯೂ ಹೀಗೆ ಚಂದ್ರನ ಗತಿಯನ್ನು ನೋಡಿಯೇ ಕೂಲಿಯಾಳುಗಳನ್ನು ಗೊತ್ತುಮಾಡಬೇಕಾಗಿತ್ತು. ಬಂಟ್ವಾಳದ ಹಳೆಯ ಪೇಟೆ ಇಕ್ಕಟ್ಟಾದ ಒಂದು ನೀಳ ಬೀದಿ. ಅಂಗಡಿಯ ಮುಖ ಬೀದಿಗೆ, ಉಗ್ರಾಣದ ಬಾಗಿಲು ಹೊಳೆಗೆ. ಇಂದು ನೋಡುವವರಿಗೆ ಆ ಮನೆಗಳು ಹೊಳೆಗೆ ಬೆನ್ನು ತಿರುಗಿಸಿದಂತೆ ಕಾಣುತ್ತವೆ. ಹಿಂದೆ ಆ ಬೆನ್ನೇ ಅವುಗಳ ಮುಂಬಾಗಿಲಾಗಿತ್ತು.

ಒಂದು ಊರು ಪೇಟೆಯಾಗುವುದಕ್ಕೆ ಅಲ್ಲಿ ಏನಾದರೂ ಬೆಳೆಯಲೇಬೇಕೆಂದಿಲ್ಲ. ಅಲ್ಲಿ ಸರಕು ತಂಗಬೇಕು. ಸರಕು ತಂಗಿದರೆ ಇಳಿಸುವವನು ಬೇಕು, ಅಳೆಯುವವನು ಬೇಕು, ಕಾಯುವವನು, ಬರೆಯುವವನು, ಸಾಲ ಕೊಡುವವನು ಬೇಕು. ಎತ್ತಿಗೆ ಹುಲ್ಲು, ಆಳಿಗೆ ಗಂಜಿ, ದೋಣಿಗೆ ಹಗ್ಗ, ಎಲ್ಲವೂ ಬೇಕು. ಒಂದು ರಾತ್ರಿಯ ತಂಗಿನಿಂದ ಇಪ್ಪತ್ತು ಮನೆಗಳ ಒಲೆ ಉರಿಯುತ್ತದೆ. ಬಂಟ್ವಾಳದಲ್ಲಿ ಕೊಂಕಣಿ ಮಾತಿನ ವರ್ತಕನೂ ಬ್ಯಾರಿ ವ್ಯಾಪಾರಿಯೂ ತುಳು ಮಾತಿನ ದೋಣಿಯವನೂ ಘಟ್ಟದ ಮೇಲಿನ ಕನ್ನಡದ ಹೇರಿನವನೂ ಒಂದೇ ತಕ್ಕಡಿಯ ಸುತ್ತ ನಿಂತದ್ದು ಸೌಹಾರ್ದದ ಉಪದೇಶ ಕೇಳಿ ಅಲ್ಲ. ಸರಕು ಕೈ ಬದಲಾಗಬೇಕಾದರೆ ಮಾತೂ ಕೈ ಬದಲಾಗಬೇಕಾಗಿತ್ತು. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಈ ಬಂಟ್ವಾಳದಲ್ಲಿ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಬರೆದದ್ದು ಕನ್ನಡ. ಅವರ ಶಿಶುಗೀತೆಗಳಲ್ಲಿ ಮಾತು ನಾಲಗೆಯ ಮೇಲೆ ಅಷ್ಟು ಹಗುರವಾಗಿ ಉರುಳುವುದಕ್ಕೆ ಈ ಬೀದಿಯ ಋಣವೂ ಇದೆಯೆಂದು ನನಗೆ ಅನೇಕ ಸಲ ಅನ್ನಿಸಿದೆ. ‘ತೆಂಕಣ ಗಾಳಿಯಾಟ’ವನ್ನು ತರಗತಿಯಲ್ಲಿ ಓದಿಸುವಾಗ ಕಡಲ ಗಾಳಿ ಹೊಳೆಯ ಹರವಿನಲ್ಲಿ ಎಷ್ಟು ದೂರ ಒಳಕ್ಕೆ ಬೀಸುತ್ತದೆಂಬುದನ್ನು ಮೊದಲು ವಿವರಿಸಿ ಆಮೇಲೆ ಪದ್ಯಕ್ಕೆ ಹೋಗುವುದು ನನ್ನ ಪದ್ಧತಿ.

ಹೊಳೆಯ ಬದುಕು ಒಂದೇ ದಿನದಲ್ಲಿ ಮುಗಿಯಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಜೇಡಿಮಣ್ಣು, ಸೌದೆಗಳ ಸಾಗಾಟದಿಂದ ದೋಣಿಗಳಿಗೆ ಹೊಸ ಕೆಲಸವೇ ದೊರೆಯಿತು. 1907ರಲ್ಲಿ ಮಂಗಳೂರಿಗೆ ರೈಲು ಬಂತು. ಪಾಣೆಮಂಗಳೂರಿನ ಸೇತುವೆಯಾದ ಮೇಲೆ ಹೊಳೆಯನ್ನು ದಾಟುವುದಕ್ಕೆ ದೋಣಿ ಬೇಕಾಗಲಿಲ್ಲ. ಲಾರಿಗಳು ಬಂದ ಮೇಲೆ ಹೊಳೆಯುದ್ದಕ್ಕೆ ಸಾಗುವುದಕ್ಕೂ ಬೇಕಾಗಲಿಲ್ಲ. 1923ರ ನೆರೆಯನ್ನು ತುಳುವರು ‘ಮಾರಿಬೊಳ್ಳ’ ಎಂದೇ ಕರೆದರು. 1974ರಲ್ಲಿ ಮತ್ತೊಂದು ದೊಡ್ಡ ನೆರೆ. ಮನೆಯ ಒಳಕ್ಕೆ ನೀರು ಬಂದು ಹೋದಮೇಲೆ ಹೊಳೆಯ ಬದಿಯಲ್ಲಿಯೇ ಇರಬೇಕೆಂಬ ಛಲ ಅನೇಕರಲ್ಲಿ ಉಳಿಯದಿದ್ದರೆ ಆಶ್ಚರ್ಯವಿಲ್ಲ. 1975ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಉದ್ಘಾಟನೆಯಾಯಿತು. ದೊಡ್ಡ ಹಡಗುಗಳು ಅಳಿವೆಯನ್ನು ಬಿಟ್ಟು ಅತ್ತ ಹೋದವು. ಹಳೆಯ ಬಂದರಿನಲ್ಲಿ ಮೀನಿನ ದೋಣಿಗಳೂ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳೂ ಉಳಿದವು. 1979ರಲ್ಲಿ ಹಾಸನದ ರೈಲು ಮಾರ್ಗ ಪೂರ್ತಿಯಾಯಿತು. ಆ ಹೊತ್ತಿಗೆ ಹಳೆಯ ಪೇಟೆಗೆ ತಂಗುವ ಸರಕೇ ಇರಲಿಲ್ಲ.

ಊರು ಎದ್ದು ರಸ್ತೆಗೆ ನಡೆಯಿತು. ಬಂಟ್ವಾಳಕ್ಕೆ ತಿರುಗುವ ಕವಲು ಬಂಟ್ವಾಳ ಕ್ರಾಸ್ ರೋಡ್ ಆಯಿತು. ಬಾಯಿ ಸವೆದು ಬಿ.ಸಿ. ರೋಡ್ ಎಂದಾಯಿತು. ಈಗ ತಾಲ್ಲೂಕಿನ ಕಚೇರಿಗಳು, ಬಸ್ಸುಗಳು, ಬ್ಯಾಂಕುಗಳು, ಎಲ್ಲವೂ ಅಲ್ಲಿಯೇ. ಆ ಕವಲಿಗೆ ಜೋಡುಮಾರ್ಗವೆಂಬ ಸೊಗಸಾದ ಕನ್ನಡದ ಹೆಸರೊಂದಿತ್ತು. ಹಳಬರ ಬಾಯಲ್ಲಿ ಈಗಲೂ ಅದು ಕೇಳಿಬರುವುದುಂಟು. ಎರಡು ಇಂಗ್ಲಿಷ್ ಅಕ್ಷರಗಳ ಮುಂದೆ ಅದು ಏಕೆ ಸೋತಿತೋ ತಿಳಿಯದು. ಇರಲಿ. ಮೂಲ ಊರನ್ನು ಈಗ ‘ಬಂಟ್ವಾಳ ಪೇಟೆ’ ಎಂದು ವಿಶೇಷಿಸಿ ಹೇಳಬೇಕಾಗಿದೆ. ಅಲ್ಲಿ ಕಾಣದಿರುವುದು ಆ ಪೇಟೆಯೇ.

ಮಾರ್ಗಗಳನ್ನು ಮಾಡಬಾರದೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಕಾಲದ ಯೋಜನೆಗಳ ಸ್ವಭಾವವನ್ನು ತಿಳಿದುಕೊಳ್ಳಬೇಕು. ಇಂದಿನ ಎಲ್ಲ ಬುದ್ಧಿಶಕ್ತಿಯೂ ಸರಕು ಎಲ್ಲಿಯೂ ತಂಗದಂತೆ ಮಾಡುವುದರಲ್ಲಿ ವ್ಯಯವಾಗುತ್ತಿದೆ. 2003ರಿಂದ ಮಂಗಳೂರಿನ ಪೆಟ್ರೋಲಿಯಂ ತೈಲ ನೆಲದಡಿಯ ಕೊಳವೆಯಲ್ಲಿ ಘಟ್ಟ ಹತ್ತಿ ಬೆಂಗಳೂರಿಗೆ ಹೋಗುತ್ತಿದೆ. ಅದನ್ನು ಮೇಲಕ್ಕೆ ತಳ್ಳುವ ಒಂದು ಪಂಪಿನ ನೆಲೆ ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿದೆ. ಹಿಂದೆ ಘಟ್ಟ ಹತ್ತುವ ಮುನ್ನ ಹೇರಿನವನು ಈ ತಪ್ಪಲಿನಲ್ಲಿ ಒಂದು ರಾತ್ರಿ ಕಳೆಯುತ್ತಿದ್ದ. ಕೊಳವೆಗೆ ನಿದ್ದೆಯೂ ಇಲ್ಲ, ಹಸಿವೂ ಇಲ್ಲ. ಕಲ್ಲಡ್ಕದ ಉದಾಹರಣೆ ಇನ್ನೂ ಸ್ಪಷ್ಟ. ಹಾಲಿನ ಮೇಲೆ ಚಹದ ಕಷಾಯ ತೇಲುವ ಆ ಊರಿನ ಕೇಟಿ ಇಡೀ ಜಿಲ್ಲೆಗೆ ಪರಿಚಿತ. ಮಂಗಳೂರು–ಬೆಂಗಳೂರು ದಾರಿಯ ಮೇಲೆ ಬಂಡಿಗಳು ಅಲ್ಲಿ ನಿಲ್ಲುತ್ತಿದ್ದುದರಿಂದ ಆ ಚಹ ಹೆಸರು ಮಾಡಿತು. ಈಗ ಕಲ್ಲಡ್ಕದ ತಲೆಯ ಮೇಲೆ ಮೇಲ್ಸೇತುವೆ ಎದ್ದಿದೆ. ಪ್ರಯಾಣಿಕನಿಗೆ ಹತ್ತು ನಿಮಿಷ ಉಳಿಯಿತು. ಆ ಹತ್ತು ನಿಮಿಷ ಯಾರ ಕಿಸೆಯಿಂದ ಬಂತೆಂಬುದನ್ನು ಕೇಳುವ ಲೆಕ್ಕಪತ್ರ ಸರಕಾರದಲ್ಲಿ ಇಲ್ಲ.

ಮೂರು ಊರುಗಳಲ್ಲಿ ಎರಡಕ್ಕೆ ಬೇರೆ ತಂಗು ದೊರೆಯಿತು. ಬೆಳ್ತಂಗಡಿಗೆ ಧರ್ಮಸ್ಥಳದ ಯಾತ್ರಿಕರು ಇದ್ದಾರೆ. ಮೂಡಬಿದಿರೆಗೆ ವಿದ್ಯಾರ್ಥಿಗಳು ಬಂದರು. ನಾಡಿನ ಮೂಲೆಮೂಲೆಯಿಂದ ಬಂದು ವಸತಿನಿಲಯಗಳಲ್ಲಿ ವರ್ಷಗಟ್ಟಲೆ ತಂಗುವ ಮಕ್ಕಳಿಂದ ಆ ಊರಿನ ಅಂಗಡಿ, ಅಡುಗೆಮನೆ, ಬಾಡಿಗೆಮನೆಗಳೆಲ್ಲ ನಡೆಯುತ್ತಿವೆ. ಓದು ಕೂಡ ಒಂದು ಸರಕಾಯಿತಲ್ಲ ಎಂದು ಮೂಗು ಮುರಿಯುವವರುಂಟು. ನಾನೂ ಆ ಸರಕಿನ ಹೇರು ಹೊರುವವನೇ ಆದ್ದರಿಂದ ಆ ಮಾತನ್ನು ಬೆಳೆಸುವುದಿಲ್ಲ.

ಬಂಟ್ವಾಳಕ್ಕೆ ದಕ್ಕಿದ್ದು ಬೀಡಿ. ಬೀಡಿಯ ಎಲೆ ಮಧ್ಯ ಭಾರತದ ಕಾಡುಗಳದು; ಹೊಗೆಸೊಪ್ಪು ಗುಜರಾತ್, ನಿಪ್ಪಾಣಿಗಳ ಕಡೆಯದು. ಎರಡೂ ಇಲ್ಲಿಯವಲ್ಲ. ಇಲ್ಲಿಯದು ಹೆಂಗಸರ ಬೆರಳು. ಊರಿನ ಬೀಡಿ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು, ಮನೆಯ ಜಗಲಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟು, ಎಲೆ ಕತ್ತರಿಸಿ, ಸುತ್ತಿ, ನೂಲು ಕಟ್ಟಿ, ಮರಳಿ ಬ್ರಾಂಚಿಗೆ ಒಯ್ದು ಕೊಡುವ ಈ ಕೆಲಸದಿಂದ ಬಂಟ್ವಾಳ, ಬೆಳ್ತಂಗಡಿ ತಾಲ್ಲೂಕುಗಳಲ್ಲಿ ಒಂದೆರಡು ತಲೆಮಾರುಗಳ ಮಕ್ಕಳು ಶಾಲೆ ಕಲಿತಿದ್ದಾರೆ. ನನ್ನ ತರಗತಿಗಳಲ್ಲಿ ಕುಳಿತವರಲ್ಲಿಯೂ ಅಂಥವರು ಹಲವರು. ದೂರದಿಂದ ಸರಕು ಬಂದು, ಇಲ್ಲಿ ಒಂದು ದಿನ ತಂಗಿ, ಕೈ ಬದಲಾಯಿಸಿ ದೂರಕ್ಕೆ ಹೋಗುವ ಹಳೆಯ ಕ್ರಮದ ಕೊನೆಯ ಕೊಂಡಿ ಇದು. ಧೂಮಪಾನ ತಗ್ಗುವುದು ಲೋಕಕ್ಕೆ ಹಿತ. ಹೊಗೆಸೊಪ್ಪಿನ ಧೂಳನ್ನು ದಿನವಿಡೀ ಉಸಿರಾಡುವ ಆ ತಾಯಂದಿರಿಗೂ ಹಿತ. ಆದರೆ ಕೊಂಡಿ ಕಳಚಿದ ದಿನ ಅವರ ಕೈಗೆ ಇನ್ನೇನು ಬರುತ್ತದೆಂದು ಕೇಳಿದರೆ ಉತ್ತರ ಕೊಡುವವರು ಇಲ್ಲ. ಪರಂಪರೆಯ ಸಂರಕ್ಷಣೆಯನ್ನು ಕುರಿತ ಯಾವ ಸಭೆಯಲ್ಲಿಯೂ ಈ ಪ್ರಶ್ನೆ ಎದ್ದುದನ್ನು ನಾನು ಕೇಳಿಲ್ಲ. ಬಸದಿಯ ಕಂಬಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ಬದುಕಿನ ಕಂಬಗಳನ್ನು ಎಣಿಸುವ ಅಭ್ಯಾಸ ನಮಗೆ ಬಂದಿಲ್ಲ.

ಪರಕೀಯನೊಬ್ಬನಿಗೆ ಆ ಅಭ್ಯಾಸವಿತ್ತು. 1801ರಲ್ಲಿ ಫ್ರಾನ್ಸಿಸ್ ಬುಕನನ್ ಮಂಗಳೂರಿನಿಂದ ಹೊರಟು ಫರಂಗಿಪೇಟೆ, ಬಂಟ್ವಾಳ, ವೇಣೂರುಗಳ ಮೂಲಕ ಕಾರ್ಕಳದತ್ತ ಸಾಗಿದನು. ಕಂಪೆನಿಯ ಸೇವಕನಾಗಿ, ಕಂಪೆನಿಯ ಲಾಭಕ್ಕಾಗಿ ಬಂದವನು. ಅವನ ಬಗ್ಗೆ ಭ್ರಮೆ ಬೇಡ. ಆದರೂ ಹೋದ ಊರಿನಲ್ಲೆಲ್ಲ ಗದ್ದೆಗೆ ಎಷ್ಟು ಬೀಜ, ಎಷ್ಟು ಗೇಣಿ, ಆಳಿಗೆ ಎಷ್ಟು ಅಕ್ಕಿ, ಅಳತೆಯ ಹೆಸರೇನು ಎಂದು ವಿಚಾರಿಸುತ್ತ ಹೋದನು. 1604ರಲ್ಲಿ ತಿಮ್ಮಣ್ಣಾಜಿಲ ನಿಲ್ಲಿಸಿದ ವೇಣೂರಿನ ಗೊಮ್ಮಟನ ಎದುರು ನಿಂತು ನಾವು ಕೇಳುವುದು ಎಷ್ಟು ಅಡಿ ಎತ್ತರ ಎಂದು. ಅದೂ ತಿಳಿಯಬೇಕಾದದ್ದೇ. ಆ ಬಂಡೆಯನ್ನು ಎಬ್ಬಿಸಿ ನಿಲ್ಲಿಸಿದ ಕೈಗಳಿಗೆ ಅನ್ನ ಯಾವ ಗದ್ದೆಯಿಂದ, ಯಾವ ವ್ಯಾಪಾರದಿಂದ ಬಂತು ಎಂಬುದೂ ಅಷ್ಟೇ ತಿಳಿಯಬೇಕಾದದ್ದು.

ಸಂಪ್ರದಾಯವನ್ನೂ ಜೀವನೋಪಾಯವನ್ನೂ ಬೇರೆ ಮಾಡಿ ನೋಡುವುದು ಓದಿದವರ ಚಟ. ಸಾಮಾನ್ಯ ಜನ ಹಾಗೆ ಮಾಡಿಲ್ಲ. ಫಲ್ಗುಣಿಯ ದಂಡೆಯ ಪೊಳಲಿಯ ಜಾತ್ರೆಗೆ ಹೋದವರು ಚೆಂಡು ನೋಡಿ, ರಾಜರಾಜೇಶ್ವರಿಗೆ ಕೈಮುಗಿದು, ಬಚ್ಚಂಗಾಯಿ ಕೊಂಡುಕೊಳ್ಳದೆ ಮನೆಗೆ ಮರಳುವುದಿಲ್ಲ. ಆ ಹಣ್ಣು ನೆರೆಯ ಊರಿನ ರೈತ ಭತ್ತ ಕೊಯ್ದ ಗದ್ದೆಯಲ್ಲಿ ಜಾತ್ರೆಗೆಂದೇ ಬೆಳೆದದ್ದು. ದೇವಿಯ ಉತ್ಸವವೂ ರೈತನ ಸಾಲದ ವಾಯಿದೆಯೂ ಒಂದೇ ಪಂಚಾಂಗದಲ್ಲಿ ನಡೆಯುತ್ತವೆ. ಬಿ.ಸಿ. ರೋಡಿನ ಸಂಚಯಗಿರಿಯಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯದ ಬಗ್ಗೆ ನನಗೆ ಗೌರವವಿರುವುದು ಈ ಕಾರಣದಿಂದ. ಅಲ್ಲಿ ಅರಸರ ಕತ್ತಿಗಿಂತ ಜನರ ನಿತ್ಯದ ಪಾತ್ರೆಪರಡಿಗಳಿಗೆ, ಉಪಕರಣಗಳಿಗೆ ಹೆಚ್ಚಿನ ಮರ್ಯಾದೆ ಇದೆ.

ಹೊಳೆಯ ವಿಷಯವಾಗಿ ಒಂದು ಮಾತು. ತುಂಬೆಯ ಅಣೆಕಟ್ಟಿನಿಂದ ಮಂಗಳೂರು ನಗರ ನೀರು ಕುಡಿಯುತ್ತಿದೆ. ಮೇಲಿನ ಎತ್ತಿನಹೊಳೆಯ ನೀರನ್ನು ಪೂರ್ವದ ಬಯಲಿಗೆ ಎತ್ತುವ ಯೋಜನೆಯ ಮೊದಲ ಹಂತ 2024ರಲ್ಲಿ ಪ್ರಾರಂಭವಾಯಿತು. ಬಾಯಾರಿದವರಿಗೆ ನೀರು ಕೊಡಬಾರದೆನ್ನುವ ಕಟುಕ ನಾನಲ್ಲ. ಆದರೆ ಹೊಳೆಯನ್ನು ಕೊಡದಲ್ಲಿ ಅಳೆಯುವವರ ಮಾತೇ ಮಾತಾಗಿ, ಹೊಳೆಯ ಬದಿಯಲ್ಲಿ ಬದುಕುವವರ ಮಾತು ನೆರೆ ಬಂದಾಗ ಮಾತ್ರ ಕೇಳಿಸುವಂತಾಗಿದೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಬೆಟ್ಟಗಳು ಕುಸಿದು ತೋಟ, ಸೇತುವೆ, ಮನೆಗಳು ಕೊಚ್ಚಿಹೋದಾಗ ಎಲ್ಲರೂ ಬಂದರು. ನೀರಿಳಿದ ಮೇಲೆ ಹೋದರು. ಹೊಳೆಯೊಡನೆ ನಿತ್ಯದ ವ್ಯವಹಾರ ಇದ್ದಾಗ ಅದರ ಮುಖಚರ್ಯೆ ನೋಡಿ ಮಳೆಯನ್ನು ಹೇಳುವವರು ಪ್ರತಿ ಕಡವಿನಲ್ಲಿಯೂ ಇದ್ದರು. ಕಡವು ಹೋಯಿತು, ಆ ವಿದ್ಯೆಯೂ ಹೋಯಿತು. ಕೆಲವು ವರ್ಷಗಳ ಹಿಂದೆ ದೋಣಿಯ ಭಾಗಗಳಿಗೆ ತುಳುವಿನಲ್ಲಿರುವ ಹೆಸರುಗಳನ್ನು ಬರೆದು ತರಲು ವಿದ್ಯಾರ್ಥಿಗಳಿಗೆ ಹೇಳಿದ್ದೆ. ಕಡಲ ಬದಿಯ ಹುಡುಗರು ಹಾಳೆ ತುಂಬ ತಂದರು. ಬಂಟ್ವಾಳದ ಹೊಳೆಯ ದಂಡೆಯ ಮನೆಯ ಹುಡುಗಿಯೊಬ್ಬಳು ಒಂದೇ ಶಬ್ದ ತಂದಳು: ಓಡ, ಎಂದರೆ ದೋಣಿ.

ಆದುದರಿಂದ ನನ್ನ ಸೂಚನೆ ದೊಡ್ಡದೇನಲ್ಲ. ಹೊಸ ಸ್ಮಾರಕ ಬೇಡ, ಹೊಳೆಯ ಬದಿಗೆ ಬಣ್ಣದ ದೀಪಗಳ ಉದ್ಯಾನವೂ ಬೇಡ. ಬಂಟ್ವಾಳ ಪೇಟೆಯಲ್ಲಿ ಉಳಿದಿರುವ ಹಳೆಯ ವರ್ತಕರ ಮನೆಗಳಲ್ಲಿ ಹೊಳೆಯ ಕಡೆಗೆ ಬಾಗಿಲಿರುವ ಉಗ್ರಾಣಗಳನ್ನು, ನೀರಿಗಿಳಿಯುವ ಮೆಟ್ಟಲುಗಳನ್ನು ಪುರಸಭೆ ಮೊದಲು ಅಳೆದು ಒಂದು ನಕ್ಷೆ ಬರೆಯಿಸಲಿ. ಉಳಿಸುವ ಮಾತು ಆಮೇಲೆ. ಏನಿದೆ ಎಂಬುದೇ ಬರಹದಲ್ಲಿ ಇಲ್ಲದಾಗ ಏನು ಹೋಯಿತೆಂಬುದೂ ತಿಳಿಯುವುದಿಲ್ಲ. ಎರಡನೆಯದು ನಮ್ಮ ಕಾಲೇಜುಗಳ ಕೆಲಸ. ಅಟ್ಟಗಳ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಿರ್ದಿ ಖಾತೆಗಳು ಇನ್ನೂ ಕೆಲವು ಮನೆಗಳಲ್ಲಿ ಇವೆ. ಯಾವ ದೋಣಿಯಲ್ಲಿ ಎಷ್ಟು ಮುಡಿ ಅಕ್ಕಿ ಹೋಯಿತು, ಯಾರಿಗೆ ಎಷ್ಟು ಕೂಲಿ ಸಂದಿತು, ಯಾವ ಜಾತ್ರೆಗೆ ಅಂಗಡಿಯ ಲೆಕ್ಕದಿಂದ ಎಷ್ಟು ಎಣ್ಣೆ ಕೊಟ್ಟರು ಎಂಬುದೆಲ್ಲ ಸಿಗುವುದು ಇಂಥ ಕಡತಗಳಲ್ಲಿಯೇ. ಮೂಡಬಿದಿರೆಯಲ್ಲಿ ಧವಲಾ ಗ್ರಂಥದ ತಾಳೆಗರಿಗಳನ್ನು ಶತಮಾನಗಳ ಕಾಲ ಗೆದ್ದಲಿಂದ ಕಾಪಾಡಿದ ಜನ ನಾವು. ಅಕ್ಕಿಯ ಲೆಕ್ಕವನ್ನು ಕಾಪಾಡುವುದು ನಮ್ಮ ಕೈಯಲ್ಲಿ ಆಗದ ಕೆಲಸವಲ್ಲ. ಕನ್ನಡ ಮತ್ತು ಇತಿಹಾಸ ವಿಭಾಗಗಳ ಹುಡುಗ ಹುಡುಗಿಯರನ್ನು ಇಬ್ಬಿಬ್ಬರಂತೆ ಮನೆಮನೆಗೆ ಕಳುಹಿಸಿದರೆ, ಮನೆಯ ಹಿರಿಯರ ಒಪ್ಪಿಗೆ ಪಡೆದು ಪುಟಪುಟದ ಚಿತ್ರ ತೆಗೆದುಕೊಂಡು ಬರಬಹುದು. ಮೂಲ ಪ್ರತಿ ಅವರ ಮನೆಯಲ್ಲಿಯೇ ಉಳಿಯಲಿ. ಓದಿ ಹೇಳಲು ಹಿರಿಯರು ಬದುಕಿರುವಾಗಲೇ ಈ ಕೆಲಸ ಆಗಬೇಕು. ಪ್ರಾರಂಭಿಸುವುದಾದರೆ ಹೊಳೆಗೆ ಅತಿ ಸಮೀಪದ ಮನೆಗಳಿಂದ, ಆಟಿ ತಿಂಗಳ ಮಳೆಗೆ ಮೊದಲೇ.